ರೊಬಾಟಿಕ್ಸ್ ಅಭ್ಯಾಸಕ್ಕೆ ಆಟದ ಕಾಯಿಗಳು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಮಾಡಿಕೊಳ್ಳಬೇಕು, ಯಾವಾಗ ಎಸೆಯಬೇಕು

ಫಸ್ಟ್ ಟೆಕ್ ಚಾಲೆಂಜ್ (ಎಫ್‌ಟಿಸಿ) ಶಾಲಾ ಮಕ್ಕಳ ರೋಬಾಟ್ ಸ್ಪರ್ಧೆ. ಅದರಲ್ಲಿ ಪ್ರತಿ ವರ್ಷ ಹೊಸ ಆಟ; ರೋಬಾಟ್ ಹೆಕ್ಕುವ, ಎಸೆಯುವ ಚೆಂಡು, ಇಟ್ಟಿಗೆ, ಉಂಗುರಗಳೇ ಆಟದ ಕಾಯಿಗಳು. 2025–26ರ ಆಟ ಡಿಕೋಡ್. ಅದಕ್ಕೆ ಇಡೀ ಸೆಟ್ ಎಂದರೆ 36 ಚೆಂಡು: 24 ನೇರಳೆ, 12 ಹಸಿರು. ಒಂದೊಂದೂ ಸುಮಾರು 5 ಇಂಚು ಅಗಲದ, ಮೈತುಂಬ ತೂತಿರುವ ಪೊಳ್ಳು ಪಾಲಿಪ್ರೊಪಿಲೀನ್ ಚೆಂಡು. ತೂಕ 75 ಗ್ರಾಂ ಆಸುಪಾಸು. ಮೂವತ್ತಾರನ್ನೂ ತೂಗಿದರೆ ಮೂರು ಕಿಲೋ ತುಂಬುವುದಿಲ್ಲ. ಆದರೆ ಹೊರದೇಶದಿಂದ ತರಿಸುವಾಗ ಕೊರಿಯರ್‌ನವರು ತಕ್ಕಡಿಯ ಜೊತೆಗೆ ಡಬ್ಬಿಯ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ವಿಮಾನ ಕೊರಿಯರಿನ ಸಾಮಾನ್ಯ ಸೂತ್ರ. ಚೆಂಡುಗಳನ್ನು 3×3×4ರಂತೆ ಒತ್ತೊತ್ತಾಗಿ ಜೋಡಿಸಿದರೂ ಡಬ್ಬಿ 38×38×51 ಸೆಂ.ಮೀ. ಆಗುತ್ತದೆ, ಬಿಲ್ಲು 14.7 ಕಿಲೋಗೆ ಬರುತ್ತದೆ. ಗಾಳಿಗೆ ಬಾಡಿಗೆ ಕೊಟ್ಟ ಹಾಗೆ. ಅದರ ಮೇಲೆ ಕಸ್ಟಮ್ಸ್ ಸುಂಕ ಬೇರೆ.

ಹೀಗಾಗಿ ಶಾಲೆಯ ತಂಡಗಳು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತವೆ. ಒಂದೋ ಬಜೆಟ್ಟಿನ ದೊಡ್ಡ ಪಾಲನ್ನು ಮೂಲ (ಸ್ಪರ್ಧೆಯಲ್ಲಿ ಬಳಸುವ ಅಧಿಕೃತ) ಕಾಯಿಗಳ ಮೇಲೆ ಸುರಿದು ಮೋಟಾರಿಗೆ ಪರದಾಡುತ್ತವೆ. ಇಲ್ಲವೇ ಪೇಟೆಯಲ್ಲಿ ಸಿಕ್ಕ, ನೋಡಲು ಹಾಗೇ ಇರುವ ಚೆಂಡನ್ನು ತಂದು ಮೂರು ತಿಂಗಳು ಅಭ್ಯಾಸ ಮಾಡಿ, ಸ್ಪರ್ಧೆಯ ದಿನ ಎಸೆದ ಚೆಂಡೆಲ್ಲ ಗುರಿಯಾಚೆ ಬೀಳುವುದನ್ನು ನೋಡುತ್ತವೆ. ಅಭ್ಯಾಸದ ಕಾಯಿ ಮೂಲದಂತೆ ಕಾಣಬೇಕಿಲ್ಲ. ನಿಮ್ಮ ರೋಬಾಟ್ ಮೂಲದ ಯಾವ ಗುಣವನ್ನು ನಂಬಿಕೊಂಡಿದೆಯೋ ಆ ಗುಣದಲ್ಲಿ ಮಾತ್ರ ಅದು ಮೂಲಕ್ಕೆ ಸಮನಾಗಿರಬೇಕು. ಕೆಳಗಿನ ಅಳತೆ, ಪರೀಕ್ಷೆಗಳೆಲ್ಲ ಆ ಗುಣ ಯಾವುದೆಂದು ಕಂಡುಕೊಳ್ಳುವುದಕ್ಕೆ.

1. ಮೊದಲು ಕಾಯಿಯ ಜಾತಕ ಬರೆಯಿರಿ

ಆಟದ ಕೈಪಿಡಿಯಲ್ಲಿ ಪ್ರತಿ ಕಾಯಿಯ ಅಳತೆ ಇರುತ್ತದೆ. ಅದನ್ನು ಒಂದು ಹಾಳೆಗೆ ಇಳಿಸಿಕೊಂಡು ಪಕ್ಕದಲ್ಲಿ ಒಂದು ಕಾಲಂ ಖಾಲಿ ಬಿಡಿ. ಮೂಲ ಕಾಯಿ ಕೈಗೆ ಬಂದ ಮೇಲೆ ನೀವೇ ಅಳೆದದ್ದನ್ನು ಅಲ್ಲಿ ಬರೆಯಬೇಕು. ಎರಡೂ ಒಂದೇ ಆಗಿರುವುದಿಲ್ಲ, ವ್ಯತ್ಯಾಸ ಎಷ್ಟೆಂದು ತಿಳಿದಿರಬೇಕು. ಋತುವಿನ ನಡುವೆ ಬರುವ ತಿದ್ದುಪಡಿಗಳನ್ನೂ ನೋಡುತ್ತಿರಿ.

ಜಾತಕದಲ್ಲಿ ಆರು ಸಾಲು ಸಾಕು: ಅಳತೆ, ತೂಕ, ಒತ್ತಿದರೆ ಎಷ್ಟು ಕುಗ್ಗುತ್ತದೆ, ಎಷ್ಟು ಜಾರುತ್ತದೆ, ಎಷ್ಟು ಪುಟಿಯುತ್ತದೆ, ಬಣ್ಣ. ಯಾವುದಕ್ಕೂ ಪ್ರಯೋಗಾಲಯ ಬೇಕಿಲ್ಲ.

ಅಳತೆಗೆ ವರ್ನಿಯರ್ ಕ್ಯಾಲಿಪರ್. ದೊಡ್ಡ ಚೆಂಡಾದರೆ ದರ್ಜಿಯ ಟೇಪಿನಿಂದ ಸುತ್ತಳತೆ ತೆಗೆದು 3.1416ರಿಂದ ಭಾಗಿಸಿ. ಮೂರು ದಿಕ್ಕಿನಲ್ಲಿ ಅಳೆಯಿರಿ, ಅಗ್ಗದ ಚೆಂಡು ಗುಂಡಗಿರುವುದೇ ಅಪರೂಪ. ತೂಕಕ್ಕೆ ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು.

ಕುಗ್ಗುವಿಕೆಗೆ: ಕಾಯಿಯನ್ನು ಸಮ ನೆಲದ ಮೇಲಿಟ್ಟು, ಮೇಲೆ ಹಗುರವಾದ ಚಪ್ಪಟೆ ಹಲಗೆ ಇಟ್ಟು ಎತ್ತರ ಅಳೆಯಿರಿ. ಹಲಗೆಯ ಮೇಲೆ ಎರಡು ಲೀಟರ್ ನೀರಿನ ಬಾಟಲಿ ಇಟ್ಟು ಮತ್ತೆ ಅಳೆಯಿರಿ. ಒಂದು ನಿಮಿಷ ಬಿಟ್ಟು ಬಾಟಲಿ ತೆಗೆದು, ಇನ್ನೊಂದು ನಿಮಿಷದ ನಂತರ ಮೂರನೇ ಸಲ ಅಳೆಯಿರಿ. ಎರಡನೆಯ ಅಳತೆ ಮೃದುತನವನ್ನು ಹೇಳುತ್ತದೆ, ಮೂರನೆಯದು ಕಾಯಿ ಹಿಂದಿನ ಆಕಾರಕ್ಕೆ ಮರಳುತ್ತದೆಯೇ ಎನ್ನುವುದನ್ನು. ಫೋಮ್ ಕೊಳ್ಳುವಾಗ ಮೂರನೆಯದೇ ಮುಖ್ಯ.

ಜಾರುವಿಕೆಗೆ ಒಂದು ಹಲಗೆಗೆ ನಿಮ್ಮ ಗ್ರಿಪ್ಪರಿನ (ಕಾಯಿ ಹಿಡಿಯುವ ಪಂಜದ) ಅಥವಾ ಚಕ್ರದ ರಬ್ಬರನ್ನೇ ಹೊದಿಸಿ. ಅದರ ಮೇಲೆ ಕಾಯಿಯಿಟ್ಟು ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ. ಜಾರಲು ತೊಡಗಿದಾಗ ಎತ್ತಿದ ತುದಿಯ ಎತ್ತರವನ್ನು ನೆಲದ ಮೇಲಿನ ಅಡ್ಡದೂರದಿಂದ ಭಾಗಿಸಿದರೆ ಘರ್ಷಣಾಂಕ ಸಿಗುತ್ತದೆ. ಚೆಂಡು ಉರುಳಿಬಿಡುತ್ತದಲ್ಲ? ಮೂರು ಚೆಂಡುಗಳನ್ನು ತ್ರಿಕೋನವಾಗಿ ಟೇಪಿನಿಂದ ಬಿಗಿದು ಇಡಿ. ಆಗ ಉರುಳಲಾರದು, ಜಾರಲೇಬೇಕು.

ಪುಟಿತಕ್ಕೆ ಗೋಡೆಗೆ ಸ್ಕೇಲು ಅಂಟಿಸಿ, ಒಂದು ಮೀಟರಿನಿಂದ ಬಿಟ್ಟು, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ನೋಡಿ. ಹಿಡಿದ ಚೆಂಡು ಹೊರಗೆ ಪುಟಿದುಹೋಗುವ ರೋಬಾಟುಗಳಿಗೆ ಈ ಸಂಖ್ಯೆ ಬೇಕು. ಉಳಿದವರು ಬಿಟ್ಟರೂ ನಡೆಯುತ್ತದೆ.

2. ನಿಮ್ಮ ರೋಬಾಟಿಗೆ ಯಾವ ಗುಣ ಮುಖ್ಯ?

ಆರು ಗುಣಗಳಲ್ಲೂ ಮೂಲಕ್ಕೆ ಸಮನಾದ ನಕಲು ಬೇಕೆಂದರೆ ಮೂಲವನ್ನೇ ಕೊಳ್ಳುವುದು ಅಗ್ಗ. ಆದ್ದರಿಂದ ಕೆಲಸ ನೋಡಿ ಆರಿಸಿ.

ಚಾಲಕರಿಗೆ ಮೈದಾನದಲ್ಲಿ ಓಡಿಸುವ ಅಭ್ಯಾಸವಾದರೆ, ಅಥವಾ ಚಾಲಕರಿಲ್ಲದೆ ರೋಬಾಟ್ ತಾನೇ ಓಡುವ ಸ್ವಯಂಚಾಲಿತ ಭಾಗದ ದಾರಿ ಸರಿಮಾಡುವುದಾದರೆ ಅಳತೆಯೊಂದು ಹೊಂದಿದರೆ ಸಾಕು. ಪಂಜದಿಂದ ಹಿಡಿದು ಎತ್ತುವುದಾದರೆ ಅಳತೆ, ತೂಕ, ಜಾರುವಿಕೆ ಮೂರೂ ಬೇಕು. ಉರುಳೆಗಳಿಂದ ಒಳಗೆಳೆದುಕೊಳ್ಳುವ ಯಂತ್ರಕ್ಕೆ ತೂಕಕ್ಕಿಂತ ಕುಗ್ಗುವಿಕೆ ದೊಡ್ಡದು. ಕ್ಯಾಮೆರಾದಿಂದ ಹುಡುಕುವುದಕ್ಕೆ ಬಣ್ಣ ಮತ್ತು ಹೊಳಪು.

ಎಸೆಯುವ ಯಂತ್ರಕ್ಕೆ ಮಾತ್ರ ಎಲ್ಲವೂ ಬೇಕು, ಯಾಕೆಂದು ಲೆಕ್ಕದಲ್ಲೇ ನೋಡಬಹುದು. ನಾಲ್ಕು ಇಂಚಿನ ಚಕ್ರ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 16 ಮೀಟರ್. ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಲದ ಹೊದಿಕೆ ಇದ್ದರೆ ಚೆಂಡು ಹೊದಿಕೆಯ ಮೇಲೆ ಉರುಳುತ್ತ ಹೋಗುವುದರಿಂದ ಅದಕ್ಕೆ ಸಿಗುವುದು ಹೆಚ್ಚೆಂದರೆ ಅದರ ಅರ್ಧ, 8 ಮೀಟರ್. ಚೆಂಡು ಎರಡು ಮಿಲಿಮೀಟರ್ ಸಣ್ಣದಾದರೆ ಒತ್ತಡ ಸಾಲದೆ ಚಕ್ರ ಅದರ ಮೇಲೆ ಜಾರುತ್ತದೆ. ತೂಕ ಹೆಚ್ಚಾದರೆ ಚಕ್ರದ ವೇಗ ಹೆಚ್ಚು ಕುಸಿದು ಮುಂದಿನ ಚೆಂಡಿಗೆ ಚೇತರಿಸಿಕೊಂಡಿರುವುದಿಲ್ಲ. ದೂರ ವೇಗದ ವರ್ಗಕ್ಕೆ ಅನುಗುಣ, ಹಾಗಾಗಿ ವೇಗ ಶೇ. 5 ಇಳಿದರೆ ದೂರ ಸುಮಾರು ಶೇ. 10 ಇಳಿಯುತ್ತದೆ. ಮೂರು ಮೀಟರಿಗೆ ಒಂದು ಅಡಿ ತಪ್ಪು. ಎಸೆತದ ಹೊಂದಾಣಿಕೆಯನ್ನು ನಕಲು ಚೆಂಡಿನಲ್ಲಿ ಮಾಡಲೇಬೇಡಿ. ಈ ಒಂದು ವಿಷಯದಲ್ಲಿ ರಾಜಿ ಇಲ್ಲ.

3. ಎಷ್ಟು ಬೇಕು?

ಪೂರ್ತಿ ಸೆಟ್ ಬೇಕೆನ್ನುವುದು ತಪ್ಪು ತಿಳಿವಳಿಕೆ. ಡಿಕೋಡ್‌ನಲ್ಲಿ ರೋಬಾಟ್ ಒಂದು ಸಲಕ್ಕೆ ಮೂರು ಚೆಂಡು ಇಟ್ಟುಕೊಳ್ಳಬಹುದು. ನಾಲ್ಕು ಸುತ್ತಿಗೆ 12, ಒಡೆಯುವುದಕ್ಕೆಂದು 3, ಒಟ್ಟು 15 ಇದ್ದರೆ ಅಭ್ಯಾಸ ನಿಲ್ಲುವುದಿಲ್ಲ. ಮೈದಾನದ ಆಚೆ ನಿಂತ ಇಬ್ಬರು ಮಕ್ಕಳು ಬಿದ್ದದ್ದನ್ನು ಹೆಕ್ಕಿ ಮತ್ತೆ ಉರುಳಿಸುತ್ತಿದ್ದರೆ ಅಷ್ಟರಲ್ಲೇ ಚಾಲಕರು ಓಡಿಸುವ ಎರಡು ನಿಮಿಷದ ಭಾಗವನ್ನು ಪೂರ್ತಿ ಆಡಬಹುದು.

ಆ ಹದಿನೈದರಲ್ಲಿ ಆರು ಮೂಲ, ಒಂಬತ್ತು ನಕಲು ಎಂದು ಹಂಚಿಕೊಳ್ಳಿ. ಎಸೆಯುವ ರೋಬಾಟಾದರೆ ಈ ಅನುಪಾತ ತಿರುವುಮುರುವು: ಒಂಬತ್ತು ಮೂಲ ಬೇಕು. ಒಂದೇ ಊರಿನಲ್ಲಿ ಮೂರು ನಾಲ್ಕು ತಂಡಗಳಿದ್ದರೆ ಒಂದೇ ಡಬ್ಬಿಯಲ್ಲಿ ತರಿಸಿ ಹಂಚಿಕೊಳ್ಳುವುದು ಎಲ್ಲಕ್ಕಿಂತ ಲೇಸು. ಡಬ್ಬಿಯ ಖಾಲಿ ಜಾಗದಲ್ಲಿ, ಅಂದರೆ ಚೆಂಡುಗಳ ಸಂದಿಯಲ್ಲಿ, ಚಿಕ್ಕ ಬಿಡಿಭಾಗಗಳನ್ನೂ ಸೇರಿಸಿ ಕಳಿಸಲು ಹೇಳಿ. ಗಾತ್ರಕ್ಕೆ ಹಣ ಕೊಟ್ಟಾಗಿದೆ, ಬಿಲ್ಲಿನ ತೂಕ ಮುಟ್ಟಲು ಇನ್ನೂ ಅವಕಾಶ ಇರುತ್ತದೆ.

ಬೆಲೆಯನ್ನು ಬಿಡಿ ಕಾಯಿಗೆ ನೋಡಬೇಡಿ, ಒಂದು ಅಭ್ಯಾಸಕ್ಕೆ ಎಷ್ಟು ಬೀಳುತ್ತದೆ ಎಂದು ನೋಡಿ. ಮಾತಿಗೆ ಹೇಳುವುದಾದರೆ, 40 ರೂಪಾಯಿಯ ಫೋಮ್ ಕಾಯಿ ಐದು ದಿನಕ್ಕೆ ಹರಿದರೆ ದಿನಕ್ಕೆ ಎಂಟು ರೂಪಾಯಿ. 300 ರೂಪಾಯಿಯದು ಅರವತ್ತು ದಿನ ಬಂದರೆ ಐದು ರೂಪಾಯಿ. ಅಗ್ಗ ಯಾವುದು?

4. ಸಾಮಗ್ರಿ: ಪೇಟೆಯಲ್ಲಿ ಸಿಗುವುದು, ಅದರ ಗುಣದೋಷ

*ಪಿವಿಸಿ ಪೈಪು.* ದೊಡ್ಡ ರೋಬಾಟುಗಳ ಸ್ಪರ್ಧೆಯಾದ ಎಫ್‌ಆರ್‌ಸಿಯ 2025ರ ಆಟದಲ್ಲಿ ಎರಡು ಬಗೆಯ ಕಾಯಿಗಳಲ್ಲಿ ಒಂದು ಪಿವಿಸಿ ಪೈಪಿನ ತುಂಡು: 11⅞ ಇಂಚು ಉದ್ದ, ನಾಲ್ಕು ಇಂಚಿನ ಪೈಪು. ಕೇಳಿದರೆ ಪ್ಲಂಬಿಂಗ್ ಅಂಗಡಿಯವರು ತಕ್ಷಣ ‘ನಾಲ್ಕಿಂಚು ಪೈಪು’ ತೆಗೆದುಕೊಡುತ್ತಾರೆ. ಮೋಸ ಹೋಗುವುದು ಇಲ್ಲೇ. ಅಮೆರಿಕದ ನಾಲ್ಕಿಂಚು ಎಂದರೆ ಹೊರವ್ಯಾಸ 4½ ಇಂಚು, 114.3 ಮಿಮೀ. ನಮ್ಮಲ್ಲಿ ಚರಂಡಿ, ಮಳೆನೀರಿಗೆ ಮಾರುವ ನಾಲ್ಕಿಂಚಿನ ಪೈಪಿನ ಹೊರವ್ಯಾಸ 110 ಮಿಮೀ. ನಾಲ್ಕು ಮಿಲಿಮೀಟರ್ ಚಿಲ್ಲರೆ ಕಡಿಮೆ, ಪಂಜ ಹಿಡಿಯದಿರಲು ಅಷ್ಟು ಸಾಕು. ಗೋಡೆಯ ದಪ್ಪವೂ ಬೇರೆ. ಅಮೆರಿಕದ ‘ಶೆಡ್ಯೂಲ್ 40’ ದರ್ಜೆಯ ಪೈಪಿನಲ್ಲಿ ಗೋಡೆ ಸುಮಾರು 6 ಮಿಮೀ ಇದ್ದರೆ ಚರಂಡಿ ಪೈಪಿನ ದಪ್ಪದ ನಮೂನೆಯಲ್ಲೂ 3.2 ಮಿಮೀ. ಉದ್ದ ಒಂದೇ ಆದರೂ ತೂಕ ಹೆಚ್ಚುಕಡಿಮೆ ಅರ್ಧ: ಗೋಡೆ ಘನವಾಗಿದ್ದರೆ ದಪ್ಪದ್ದು 850 ಗ್ರಾಂ ದಾಟುತ್ತದೆ, ತೆಳುವಿನದು 450ರ ಸುತ್ತಮುತ್ತ. ಗೋಡೆಯ ನಡುವೆ ಫೋಮ್ ತುಂಬಿದ ಪೈಪೂ ಇರುವುದರಿಂದ ಹೆಸರು ನಂಬದೆ ಮೂಲ ತುಂಡನ್ನು ತೂಗಿಯೇ ಹೋಲಿಸಿ.

ದಾರಿ ಎರಡಿದೆ. ‘ಎಎಸ್‌ಟಿಎಂ ಶೆಡ್ಯೂಲ್ 40, ನಾಲ್ಕು ಇಂಚು’ ಎಂದು ಸ್ಪಷ್ಟವಾಗಿ ಕೇಳಿ. ಯುಪಿವಿಸಿ ನೀರಿನ ಪೈಪಿನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ಅದರ ಹೊರವ್ಯಾಸ ಅದೇ 114.3. ಅದು ಸಿಗದಿದ್ದರೆ 110ರ ಪೈಪಿಗೆ 2 ಮಿಮೀ ಇವಿಎ (ಚಪ್ಪಲಿ ಅಟ್ಟೆಯ ಫೋಮ್) ಶೀಟನ್ನು ಒಂದು ಸುತ್ತು ಸುತ್ತಿ, ವ್ಯಾಸ 114 ಆಗುತ್ತದೆ. ಆದರೆ ಇವಿಎ ಮೈ ಪಿವಿಸಿಗಿಂತ ಬಹಳ ಹಿಡಿಯುತ್ತದೆ. ಅಭ್ಯಾಸದಲ್ಲಿ ಚೆನ್ನಾಗಿ ಹಿಡಿದ ಪಂಜ ಸ್ಪರ್ಧೆಯಲ್ಲಿ ಜಾರಿಸುತ್ತದೆ. ಅದರ ಮೇಲೆ ನುಣುಪಾದ ಪ್ಯಾಕಿಂಗ್ ಟೇಪ್ ಒಂದು ಪದರ ಬಿಗಿಯಾಗಿ ಸುತ್ತಿಬಿಡಿ.

ಕತ್ತರಿಸುವಾಗ ಪೈಪಿನ ಸುತ್ತ ಒಂದು ಹಾಳೆಯನ್ನು ಅಂಚಿಗೆ ಅಂಚು ಕೂಡುವಂತೆ ಸುತ್ತಿ, ಆ ಅಂಚಿನ ಗುಂಟ ಗೆರೆ ಎಳೆದು, ಪೈಪನ್ನು ತಿರುಗಿಸುತ್ತ ಗರಗಸ ಆಡಿಸಿ. ಒಂದೇ ಕಡೆಯಿಂದ ಕೊಯ್ದರೆ ತುದಿ ಓರೆಯಾಗಿ, ನಿಲ್ಲಿಸಿದ ತುಂಡು ವಾಲುತ್ತದೆ. ಒಳ ಹೊರ ಎರಡೂ ಅಂಚನ್ನು 120 ನಂಬರಿನ ಮರಳುಕಾಗದದಿಂದ ಉಜ್ಜಿ.

*ಮರ.* ಎಫ್‌ಟಿಸಿಯ 2024–25ರ ಇನ್‌ಟು ದ ಡೀಪ್ ಆಟದ ಕಾಯಿ ಒಂದೂವರೆ ಇಂಚು ಚೌಕದ, ಮೂರೂವರೆ ಇಂಚು ಉದ್ದದ ಪ್ಲಾಸ್ಟಿಕ್ ಇಟ್ಟಿಗೆ. ಹಳದಿ, ಕೆಂಪು, ನೀಲಿ. ಹಳೆಯ ಆಟವಾದರೂ ಹೊಸ ತಂಡಗಳಿಗೆ ಪಂಜ ಕಲಿಯಲು ಇದಕ್ಕಿಂತ ಒಳ್ಳೆಯ ಕಾಯಿ ಇಲ್ಲ. ಮರದ ಅಡ್ಡೆಯಲ್ಲಿ ಒಂದೂವರೆ ಚೌಕದ ರೀಪು ಕೇಳಿ. ಒಂದು ಎಚ್ಚರಿಕೆ: ಒಂದೂವರೆ ಎಂದು ಕೊಯ್ದದ್ದನ್ನು ಹತ್ತರಿ ಹೊಡೆದರೆ 35 ಮಿಮೀಗೆ ಇಳಿಯುತ್ತದೆ. ‘ಹತ್ತರಿ ಹೊಡೆದ ಮೇಲೆ 38 ಮಿಮೀ ಉಳಿಯಬೇಕು’ ಎಂದು ಬಡಗಿಗೆ ಹೇಳಿ. ಎಂಟಡಿ ರೀಪಿನಿಂದ 89 ಮಿಮೀ ತುಂಡುಗಳು, ಗರಗಸದ ಎರಡು ಮಿಲಿಮೀಟರ್ ನಷ್ಟ ಸೇರಿ, 26 ಬರುತ್ತವೆ. ಅಂಚುಗಳನ್ನು ಎರಡು ಮಿಲಿಮೀಟರಷ್ಟು ದುಂಡಗೆ ಮಾಡದಿದ್ದರೆ ಸಿಬಿರು ಎದ್ದು ಮಕ್ಕಳ ಕೈಗೆ ಚುಚ್ಚುತ್ತದೆ, ಗ್ರಿಪ್ಪರಿನ ಸಿಲಿಕೋನನ್ನೂ ಕೊಯ್ಯುತ್ತದೆ.

ಮಲೆನಾಡು, ಕರಾವಳಿಯ ಶಾಲೆಗಳಲ್ಲಿ ಮಳೆಗಾಲಕ್ಕೆ ಮರ ಉಬ್ಬುತ್ತದೆ. ಜೂನ್‌ನಲ್ಲಿ ಒಮ್ಮೆ ಕ್ಯಾಲಿಪರ್ ಹಿಡಿದು ನೋಡಿ. ಹಸಿ ಮರವನ್ನಂತೂ ತರಬೇಡಿ, ಒಣಗುತ್ತ ತಿರುಚಿಕೊಳ್ಳುತ್ತದೆ.

*ತ್ರೀಡಿ ಮುದ್ರಣ.* ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಲ್ಲಿ ಪ್ರಿಂಟರ್ ಇರುತ್ತದೆ, ಹಾಗಾಗಿ ಮೊದಲು ಹೊಳೆಯುವುದು ಇದೇ. ಲೆಕ್ಕ ಹಾಕಿ ನೋಡಿ. ಮೇಲಿನ ಇಟ್ಟಿಗೆಯನ್ನು ನಾಲ್ಕು ಗೋಡೆ, ಶೇ. 15 ಒಳತುಂಬುವಿಕೆಯಲ್ಲಿ ಮುದ್ರಿಸಿದರೆ ಒಂದಕ್ಕೆ 50 ಗ್ರಾಂ ಪಿಎಲ್‌ಎ ಪ್ಲಾಸ್ಟಿಕ್ ಬೇಕು. ಒಂದು ಕಿಲೋ ಸುರುಳಿಗೆ ಹೆಚ್ಚೆಂದರೆ 20 ಕಾಯಿ, ಕೆಟ್ಟವನ್ನು ಕಳೆದರೆ ಹದಿನೇಳೋ ಹದಿನೆಂಟೋ. ಪ್ರಿಂಟರ್ ದಿನಗಟ್ಟಲೆ ಅದಕ್ಕೇ ಮೀಸಲಾಗುತ್ತದೆ, ರೋಬಾಟಿನ ಭಾಗಗಳು ಸರದಿಯಲ್ಲಿ ಕಾಯುತ್ತವೆ. ಇಟ್ಟಿಗೆಯಂಥ ಸರಳ ಆಕಾರವನ್ನು ಮುದ್ರಿಸುವುದು ದಂಡ. ಮರದಲ್ಲಿ ಬಾರದ ಆಕಾರಗಳಿಗೆ, ಎಫ್‌ಟಿಸಿಯ ಹಿಂದಿನ ಸೆಂಟರ್‌ಸ್ಟೇಜ್ ಆಟದ ಅರ್ಧ ಇಂಚು ದಪ್ಪದ ಷಟ್ಕೋನದಂಥವಕ್ಕೆ, ಪ್ರಿಂಟರ್ ಇಟ್ಟುಕೊಳ್ಳಿ.

ಮುದ್ರಿಸುವುದಾದರೆ ಪಿಎಲ್‌ಎಗಿಂತ ಪಿಇಟಿಜಿ ಮೇಲು. ಪಿಎಲ್‌ಎ ಬಿದ್ದರೆ ಚಕ್ಕೆ ಏಳುತ್ತದೆ, 60 ಡಿಗ್ರಿ ಹತ್ತಿರಕ್ಕೆ ಬಂದರೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಹಿಂಬದಿಯಲ್ಲಿ ಒಂದು ಮಧ್ಯಾಹ್ನ ಬಿಟ್ಟರೆ ಸೊಟ್ಟಗಾದ ಕಾಯಿಗಳು ಸಿಗುತ್ತವೆ. ಇನ್ನೊಂದು: ಒಳತುಂಬುವಿಕೆ ಹೆಚ್ಚಿಸಿದರೆ ಗಟ್ಟಿಯಾಗುತ್ತದೆಂದು ಶೇ. 50 ಹಾಕುವವರಿದ್ದಾರೆ. ಬೀಳುವ ಪೆಟ್ಟನ್ನು ತಡೆಯುವುದು ಗೋಡೆ. ಗೋಡೆಯ ಸಂಖ್ಯೆ ಹೆಚ್ಚಿಸಿ, ಒಳಗನ್ನು ತೂಕ ಹೊಂದಿಸಲು ಮಾತ್ರ ಬಳಸಿ.

*ಫೋಮ್.* ಎಫ್‌ಟಿಸಿಯ ಇನ್ನೊಂದು ಹಳೆಯ ಆಟ ಅಲ್ಟಿಮೇಟ್ ಗೋಲ್‌ನ ಉಂಗುರ 5 ಇಂಚು ಹೊರಗೆ, 3 ಇಂಚು ಒಳಗೆ, ಮುಕ್ಕಾಲು ಇಂಚು ದಪ್ಪ. ಎಫ್‌ಆರ್‌ಸಿ 2024ರ ಕಿತ್ತಳೆ ಉಂಗುರ 14 ಇಂಚಿನದು. ಇಂಥವಕ್ಕೆ ಚಪ್ಪಲಿ ಅಟ್ಟೆಯ ಸಾಮಾನು ಮಾರುವ ಅಂಗಡಿಯ ಇವಿಎ ಶೀಟು ಸರಿಹೋಗುತ್ತದೆ. ಟಿವಿ ಡಬ್ಬಿಯಲ್ಲಿ ಬರುವ ಬಿಳಿ ಪ್ಯಾಕಿಂಗ್ ಫೋಮ್ ಬೇಡ, ಬಾಟಲಿ ಪರೀಕ್ಷೆಯ ಮೂರನೇ ಅಳತೆಯಲ್ಲೇ ಅದು ಸೋಲುತ್ತದೆ. ಥರ್ಮೋಕೋಲ್ ಅಂತೂ ಕೂಡದು. ಅದರ ಕಾಳು ಗೇರಿನೊಳಗೆ, ಎನ್‌ಕೋಡರಿನ (ಮೋಟಾರಿನ ತಿರುಗುವಿಕೆ ಅಳೆಯುವ ಸಾಧನದ) ಸಂದಿಯಲ್ಲಿ ಸೇರಿಕೊಂಡರೆ ಹೆಕ್ಕುವಷ್ಟರಲ್ಲಿ ಸಾಕಾಗುತ್ತದೆ.

ಇಪ್ಪತ್ತು ಮಿಲಿಮೀಟರ್ ದಪ್ಪದ ಶೀಟ್ ಸಿಗದಿದ್ದರೆ ಹತ್ತರ ಎರಡನ್ನು ಅಂಟಿಸಿ. ರಬ್ಬರ್ ಅಂಟನ್ನು ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಹಸಿಯಿರುವಾಗಲೇ ಒತ್ತುವುದರಿಂದಲೇ ಪದರ ಬಿಡುತ್ತದೆ. ಹೊಸ ಬ್ಲೇಡ್ ಹಾಕಿ, ಸೋಪಿನ ನೀರು ಸವರಿ, ನಾಲ್ಕೈದು ಸಲ ಹಗುರವಾಗಿ ಎಳೆದು ಕತ್ತರಿಸಿ. ಮೊಂಡು ಬ್ಲೇಡಿನಲ್ಲಿ ಒಂದೇ ಸಲ ಒತ್ತಿದರೆ ಫೋಮ್ ಬಾಗಿ, ಮೇಲೆ ಐದಿಂಚು, ಕೆಳಗೆ ಐದೂಕಾಲು ಆಗುತ್ತದೆ. ಇಪ್ಪತ್ತಕ್ಕಿಂತ ಹೆಚ್ಚು ಉಂಗುರ ಬೇಕಿದ್ದರೆ ಅಟ್ಟೆ ಕತ್ತರಿಸುವವರ ಹತ್ತಿರ ಅಚ್ಚು ಮಾಡಿಸುವುದು ಒಳ್ಳೆಯದು.

*ಟೆನಿಸ್ ಚೆಂಡು.* ಸಣ್ಣ ಚೆಂಡಿನ ಆಟಗಳಿಗೆ, ಕಾಲೇಜುಗಳ ರೋಬಾಟ್ ಸ್ಪರ್ಧೆ ರೋಬೊಕಾನ್‌ನ ತಂಡಗಳಿಗೆ ಕೈಗೆ ಹತ್ತಿರದ ಸರಕು. (2022ರ ಎಬಿಯು ರೋಬೊಕಾನ್ ನವದೆಹಲಿಯದ್ದು, ಆಟದ ಹೆಸರೇ ಲಗೋರಿ. ನಮ್ಮ ಬೀದಿಯ ಆಟಕ್ಕೆ ರೋಬಾಟ್ ಚೆಂಡೆಸೆಯಿತು.) ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ನಿಯಮದ ಸಾಮಾನ್ಯ ಚೆಂಡು 56ರಿಂದ 59.4 ಗ್ರಾಂ, ವ್ಯಾಸ 6.54ರಿಂದ 6.86 ಸೆಂ.ಮೀ. ಇಲ್ಲಿನ ಅಂಗಡಿಯಲ್ಲಿ ‘ಟೆನಿಸ್ ಬಾಲ್’ ಎಂದರೆ ಕೊಡುವುದು ಕ್ರಿಕೆಟ್ಟಿನದು. ಅದರಲ್ಲಿ ಹೆವಿ ಎನ್ನುವುದು 100 ಗ್ರಾಂ ದಾಟುವುದುಂಟು. ತಕ್ಕಡಿ ಜೊತೆಗೇ ಒಯ್ಯಿರಿ.

*ಗಾಳಿ ತುಂಬುವ ಚೆಂಡು.* ಒತ್ತಡ ಒಂದೇ ಇದ್ದರೆ ಮಾತ್ರ ಉಪಯೋಗ. ಪ್ರತಿ ಅಭ್ಯಾಸಕ್ಕೆ ಮೊದಲು ಸುತ್ತಳತೆ ನೋಡಿ. ರಟ್ಟಿನಲ್ಲಿ ಸರಿಯಾದ ಅಳತೆಯ ಉಂಗುರ ಕತ್ತರಿಸಿ ಇಟ್ಟುಕೊಂಡರೆ ಟೇಪೂ ಬೇಡ: ಚೆಂಡು ಉಂಗುರದಲ್ಲಿ ಸ್ವಲ್ಪ ತಡೆದು ದಾಟಬೇಕು.

ಡಿಕೋಡ್‌ನ ತೂತಿನ ಚೆಂಡಿಗೆ ಒಳ್ಳೆಯ ಬದಲಿ ಹುಡುಕುವುದು ಕಷ್ಟ. ಮಕ್ಕಳ ಬಾಲ್‌ಪೂಲ್ ಚೆಂಡು ಏಳೆಂಟು ಸೆಂಟಿಮೀಟರಿನದು, ತೀರ ಸಣ್ಣ ಮತ್ತು ಮೆತ್ತಗೆ. ಐದಿಂಚಿನ ಆಟಿಕೆ ರಬ್ಬರ್ ಚೆಂಡು ಓಡಿಸುವ ಅಭ್ಯಾಸಕ್ಕೆ ಆದೀತು, ಒಳಗೆಳೆಯುವುದಕ್ಕೂ ಎಸೆಯುವುದಕ್ಕೂ ಆಗದು. ಈ ಆಟದ ತಂಡಗಳು ಬೇರೆಲ್ಲೋ ಉಳಿಸಿ ಇಲ್ಲಿ ಖರ್ಚು ಮಾಡುವುದೇ ಸರಿ.

5. ಮೂರೇ ಮೂರು ಮಾಡಿ, ಪರೀಕ್ಷಿಸಿ, ಆಮೇಲೆ ಉಳಿದದ್ದು

ಯಾವ ನಕಲನ್ನೂ ಮೊದಲ ದಿನವೇ ಹದಿನೈದು ಮಾಡಬೇಡಿ. ಮೂರು ಮಾಡಿ, ಮೂಲ ಮೂರರ ಜೊತೆ ಬೆರೆಸಿ, ಒಂದೊಂದನ್ನೂ ರೋಬಾಟಿನಲ್ಲಿ ಇಪ್ಪತ್ತು ಸಲ ಹಾಯಿಸಿ. ಮೂಲ 20ಕ್ಕೆ 18 ಸಲ ಸಿಕ್ಕು, ನಕಲು 20ಕ್ಕೆ 20 ಸಿಕ್ಕರೆ ಖುಷಿಪಡಬೇಡಿ. ನಕಲು ಮೂಲಕ್ಕಿಂತ ಸುಲಭ ಎಂದರ್ಥ, ಚಾಲಕ ತಪ್ಪು ಕಲಿಯುತ್ತಾನೆ. ಒಂದೆರಡು ಅಂಕ ಕಷ್ಟವಾಗಿದ್ದರೆ ಅದೇ ಒಳ್ಳೆಯ ಅಭ್ಯಾಸದ ಕಾಯಿ.

ಆಮೇಲೆ ಹಿಂಸೆಯ ಸರದಿ. ಒಂದನ್ನು ಎರಡು ಮೀಟರಿನಿಂದ ಸಿಮೆಂಟ್ ನೆಲಕ್ಕೆ ಮೂವತ್ತು ಸಲ ಬೀಳಿಸಿ. ಇನ್ನೊಂದನ್ನು ಉರುಳೆಗಳ ನಡುವೆ ಸಿಕ್ಕಿಸಿ, ಚಕ್ರ ಅದರ ಮೇಲೆ ಉಜ್ಜುವಂತೆ ಐದು ಸೆಕೆಂಡ್ ಬಿಡಿ. ಕಾಯಿಗಳು ಸಾಯುವುದು ಬಿದ್ದು ಅಲ್ಲ, ಸಿಕ್ಕಿಕೊಂಡಾಗ ಉಜ್ಜಿಸಿಕೊಂಡು. ಐದು ಸೆಕೆಂಡಿಗೆ ಗಾಯವಾದರೆ ಆ ಸಾಮಗ್ರಿ ಬೇಡ, ಅಥವಾ ಸಿಕ್ಕಿದ ಕೂಡಲೇ ಮೋಟಾರನ್ನು ಹಿಂದಕ್ಕೆ ತಿರುಗಿಸುವ ಸಾಲುಗಳನ್ನು ಪ್ರೋಗ್ರಾಮಿನಲ್ಲಿ ಸೇರಿಸಿ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು.

6. ಕಾಯಿ ಹರಿದರೆ ಮೊದಲು ರೋಬಾಟ್ ನೋಡಿ

ಒಂದೇ ಜಾಗದಲ್ಲಿ, ಒಂದೇ ದಿಕ್ಕಿನ ಗೀರು ಮೂರು ಕಾಯಿಗಳ ಮೇಲೆ ಕಂಡರೆ ತಪ್ಪು ಕಾಯಿಯದಲ್ಲ. ಹಳೆಯ ಕಾಲುಚೀಲವೊಂದನ್ನು ಕೈಗೆ ಹಾಕಿಕೊಂಡು, ಬ್ಯಾಟರಿ ತೆಗೆದು, ಕಾಯಿ ಹೋಗುವ ದಾರಿಯುದ್ದಕ್ಕೂ ಸವರಿ. ಎಲ್ಲಿ ನೂಲು ಸಿಕ್ಕುತ್ತದೋ ಅಲ್ಲಿ ಅಂಚಿದೆ. ಸಾಮಾನ್ಯವಾಗಿ ಸಿಗುವವು: ಕತ್ತರಿಸಿದ ಅಲ್ಯೂಮಿನಿಯಂ ಚಾನೆಲ್ಲಿನ ತುದಿ, ಹೊರಚಾಚಿದ ಸ್ಕ್ರೂ ತುದಿ, ಓರೆಯಾಗಿ ಕತ್ತರಿಸಿದ ಝಿಪ್ ಟೈ ಬಾಲ, ಪಾಲಿಕಾರ್ಬೊನೇಟ್ ಹಾಳೆಯ ಚೂಪು ಅಂಚು. ಲೋಹಕ್ಕೆ ಅರ, ಸ್ಕ್ರೂವಿಗೆ ಚಿಕ್ಕ ಉದ್ದದ ಗುಂಡುತಲೆಯದು, ಝಿಪ್ ಟೈಯನ್ನು ನೇಲ್ ಕಟರಿನಿಂದ ಬುಡಕ್ಕೆ ಸಮನಾಗಿ. ಅರ್ಧ ಗಂಟೆಯ ಈ ಕೆಲಸ ಕಾಯಿಗಳ ಆಯುಷ್ಯವನ್ನು ಯಾವ ದುಬಾರಿ ಸಾಮಗ್ರಿಗಿಂತಲೂ ಹೆಚ್ಚು ಉದ್ದ ಮಾಡುತ್ತದೆ.

ನೆಲವನ್ನೂ ಮರೆಯಬೇಡಿ. ಎಫ್‌ಟಿಸಿ ಮೈದಾನ 12 ಅಡಿ ಚೌಕ, ಎರಡಡಿಯ ಮೆತ್ತನೆ ಫೋಮ್ ಟೈಲ್ 36. ಶಾಲೆಯ ಗ್ರಾನೈಟ್ ನೆಲದ ಮೇಲೆ ಅದೇ ಚೆಂಡು ನಿಲ್ಲದೆ ಉರುಳುತ್ತದೆ, ಗಟ್ಟಿಯಾಗಿ ಬಿದ್ದು ಬೇಗ ಸೀಳುತ್ತದೆ. ಎಲ್ಲ 36 ಬೇಕಿಲ್ಲ. ಕಾಯಿ ಹೆಕ್ಕುವ ಜಾಗಕ್ಕೆ 3×3, ಒಂಬತ್ತು ಟೈಲ್ ಹಾಸಿ. ಜಿಮ್ಮಿಗೆ ಮಾರುವ, ಹಲ್ಲು ಸೇರಿಸುವ ಇವಿಎ ಮ್ಯಾಟ್ ಸಾಕು.

7. ಬಣ್ಣ

ಕ್ಯಾಮೆರಾ ಬಳಸದಿದ್ದರೆ ಈ ಭಾಗ ಬಿಟ್ಟುಬಿಡಿ, ಕಾಯಿಗೆ ಬಣ್ಣವನ್ನೂ ಹಚ್ಚಬೇಡಿ. ಬಣ್ಣ ತೂಕ ಹೆಚ್ಚಿಸುತ್ತದೆ, ಮೈಯ ಜಾರುವಿಕೆ ಬದಲಿಸುತ್ತದೆ, ಸುಲಿದು ಉರುಳೆಗೆ ಮೆತ್ತಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಮೇಲಂತೂ ಯಾವ ಬಣ್ಣವೂ ನಿಲ್ಲುವುದಿಲ್ಲ.

ಬಳಸುವುದಾದರೆ ಮೂಲ ಬಣ್ಣದ್ದೇ ಶೀಟ್, ಫಿಲಮೆಂಟ್ ಕೊಳ್ಳಿ. ಮರಕ್ಕೆ ಹೊಳೆಯದ ಬಣ್ಣ ಹಚ್ಚಿ. ಎನಾಮಲ್ಲಿನ ಹೊಳಪು ಟ್ಯೂಬ್‌ಲೈಟ್ ಕೆಳಗೆ ಬಿಳಿ ಪಟ್ಟೆಯಾಗಿ ಕಂಡು ಕ್ಯಾಮೆರಾ ಒಂದು ಕಾಯಿಯನ್ನು ಎರಡೆಂದು ಎಣಿಸುತ್ತದೆ. ಮೂಲ ಮತ್ತು ನಕಲನ್ನು ಅಕ್ಕಪಕ್ಕ ಇಟ್ಟು ರೋಬಾಟಿನ ಕ್ಯಾಮೆರಾದಲ್ಲೇ ಫೋಟೊ ತೆಗೆದು ವರ್ಣದ ಅಂಕಿ ಹೋಲಿಸಿ, ಕಣ್ಣನ್ನು ನಂಬಬೇಡಿ. ಬೆಳಗ್ಗೆ ಒಮ್ಮೆ, ಸಂಜೆ ದೀಪ ಹಾಕಿದ ಮೇಲೆ ಒಮ್ಮೆ.

8. ನಂಬರು, ಲೆಕ್ಕ, ನಿವೃತ್ತಿ

ಪ್ರತಿ ಕಾಯಿಗೂ ಅಳಿಸದ ಪೆನ್ನಿನಲ್ಲಿ ನಂಬರ್ ಬರೆಯಿರಿ. ಕ್ಯಾಮೆರಾಗೆ ತೊಡಕಾಗದಷ್ಟು ಸಣ್ಣದಾಗಿ. ಒಂದು ನೋಟ್‌ಬುಕ್ಕಿನಲ್ಲಿ ನಂಬರ್, ಬಂದ ದಿನ, ವಾರಕ್ಕೊಮ್ಮೆ ತೂಕ ಮತ್ತು ವ್ಯಾಸ. ಎಸೆತ ಹಾಳಾದಾಗ ‘ರೋಬಾಟ್ ಕೆಟ್ಟಿತೋ ಚೆಂಡು ಕೆಟ್ಟಿತೋ’ ಎಂಬ ವಾದ ಈ ಪುಸ್ತಕದಿಂದ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಮೂರು ಚೀಲ ಮಾಡಿ. ಮೊದಲನೆಯದರಲ್ಲಿ ಬಳಸದ ಮೂಲ ಕಾಯಿಗಳು, ಕನಿಷ್ಠ ಮೂರು. ಇವು ಹೊರಬರುವುದು ಹೋಲಿಸಲು ಮಾತ್ರ. ಎರಡನೆಯದು ದಿನದ ಅಭ್ಯಾಸಕ್ಕೆ. ಮೂರನೆಯದು ಗಾಯಗೊಂಡವು, ಓಡಿಸುವ ತರಬೇತಿಗೆ, ಹೊಸ ಮಕ್ಕಳಿಗೆ. ವ್ಯಾಸ ಎರಡು ಮಿಲಿಮೀಟರ್ ಕಳೆದುಕೊಂಡ ಫೋಮ್, ಬಿರುಕು ಬಿಟ್ಟ ಚೆಂಡು, ಅಂಚು ಹಾರಿದ ಇಟ್ಟಿಗೆ ಎರಡರಿಂದ ಮೂರಕ್ಕೆ ಇಳಿಯಬೇಕು. ಪಾಲಿಪ್ರೊಪಿಲೀನ್ ಚೆಂಡು ತೂತಿನಿಂದ ತೂತಿಗೆ ಅಥವಾ ಬೆಸುಗೆಯ ಗೆರೆಯ ಗುಂಟ ಸೀಳುತ್ತದೆ. ಅದನ್ನು ಅಂಟಿಸಲು ಹೋಗಬೇಡಿ, ಫೆವಿಕ್ವಿಕ್ ಆ ಪ್ಲಾಸ್ಟಿಕ್ಕನ್ನು ಹಿಡಿಯುವುದಿಲ್ಲ. ಸೋಲ್ಡರಿಂಗ್ ಕಡ್ಡಿಯಿಂದ ಕರಗಿಸಿ ಕೂಡಿಸಿದರೆ ನಿಲ್ಲುತ್ತದೆ, ಆದರೆ ಉಬ್ಬು ಉಳಿದು ಎಸೆತ ಓರೆಯಾಗುತ್ತದೆ. ಸೀಳಿದ ಚೂಪು ಚೂರು ಮಕ್ಕಳ ಕೈಗೂ ಒಳ್ಳೆಯದಲ್ಲ.

ತೊಳೆಯಲು ಸೋಪಿನ ನೀರು, ಒಣ ಬಟ್ಟೆ. ಕೆಂಪು ಮಣ್ಣಿನ ಊರುಗಳಲ್ಲಿ ವಾರಕ್ಕೊಮ್ಮೆ ತೊಳೆಯದಿದ್ದರೆ ಧೂಳಿನಿಂದಲೇ ಪಂಜ ಜಾರುತ್ತದೆ. ಥಿನ್ನರ್, ಅಸಿಟೋನ್ ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ, ಪೆಟ್ರೋಲ್ ಇವಿಎಯನ್ನು ಉಬ್ಬಿಸುತ್ತದೆ. ಫೋಮ್ ಕಾಯಿಗಳನ್ನು ಒಂದರ ಮೇಲೊಂದು ಹೇರಿ ಮೂಟೆ ಕಟ್ಟಿದರೆ ಕೆಳಗಿನವು ಚಪ್ಪಟೆಯಾಗುತ್ತವೆ. ತರಕಾರಿಯ ಬಲೆಚೀಲದಲ್ಲಿ ತೂಗುಹಾಕಿ: ಗಾಳಿ ಆಡುತ್ತದೆ, ಇಲಿಗೂ ಸಿಗುವುದಿಲ್ಲ.

9. ಸ್ಪರ್ಧೆಗೆ ಹತ್ತು ದಿನ ಇರುವಾಗ

ನಕಲುಗಳನ್ನೆಲ್ಲ ಕಟ್ಟಿಟ್ಟು ಎರಡನೇ ಚೀಲದ ಮೂಲ ಕಾಯಿಗಳನ್ನು ಮಾತ್ರ ಬಳಸಿ. ಸ್ಪರ್ಧೆಯ ಮೈದಾನದಲ್ಲಿ ಹೊಸದೂ ಹಳೆಯದೂ ಬೆರೆತಿರುತ್ತವೆ, ಆದ್ದರಿಂದ ಎಸೆತವನ್ನು ಮೊದಲ ಚೀಲದ ಹೊಸ ಮೂರು ಮತ್ತು ಸವೆದ ಮೂರು, ಎರಡರಿಂದಲೂ ನೋಡಿ. ಒಂದೇ ವೇಗದಲ್ಲಿ ಹತ್ತು ಹತ್ತು ಎಸೆತ, ಬಿದ್ದ ಜಾಗಕ್ಕೆ ಟೇಪ್ ಗುರುತು. ಹೊಸದರ ಗುಂಪು ಮುಂದೆ, ಹಳೆಯದರ ಗುಂಪು ಹಿಂದೆ ಬಿದ್ದಿದ್ದರೆ ಚಕ್ರದ ವೇಗವನ್ನು ಎರಡರ ನಡುವೆ ಗುರಿ ಕೂರುವಂತೆ ಇಡಿ. ನಡುವಿನ ಅಂತರ ಗುರಿಯ ಬಾಯಿಗಿಂತ ಅಗಲವಾಗಿದ್ದರೆ ವೇಗ ಮುಟ್ಟಬೇಡಿ. ಹೊದಿಕೆ ಮತ್ತು ಚಕ್ರದ ಸಂದಿಯನ್ನು ಒಂದೊಂದೇ ಮಿಲಿಮೀಟರ್ ಕಿರಿದು ಮಾಡಿ ಅದೇ ಇಪ್ಪತ್ತು ಎಸೆತವನ್ನು ಮತ್ತೆ ತೆಗೆಯಿರಿ. ಒತ್ತಡ ಹೆಚ್ಚಿದಂತೆ ಎರಡು ಗುಂಪೂ ಹತ್ತಿರ ಬರುತ್ತವೆ. ಚೆಂಡು ಸಿಕ್ಕಿಕೊಳ್ಳಲು ಶುರುವಾದರೆ ಒಂದು ಮಿಲಿಮೀಟರ್ ಹಿಂದಕ್ಕೆ ಬನ್ನಿ, ಆ ಅಳತೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ.